‘ನಾನು ಹೊಣೆ’: ಹಾಡುವ ಹಾಸ್ಯ ಸರಣಿಯೊಂದು ಮನೋರೋಗವನ್ನು ಕಂಡ ಬಗೆ

ಕ್ಯಾಲಿಫೋರ್ನಿಯಾದ ನ್ಯಾಯಾಲಯವೊಂದರಲ್ಲಿ ರೆಬೆಕಾ ಬಂಚ್ ಎದ್ದು ನಿಂತಿದ್ದಾಳೆ. ಒಬ್ಬನನ್ನು ಮಹಡಿಯ ಮೇಲಿನಿಂದ ತಳ್ಳಿದ ಆರೋಪ ಅವಳ ಮೇಲಿದೆ. ತಳ್ಳಿದ್ದು ನಿಜ. ಅವನು ಇನ್ನೊಬ್ಬನ ಪ್ರಾಣ ತೆಗೆಯಲು ಹೊರಟಿದ್ದ ಎಂಬುದೂ ನಿಜ. ಪಾರಾಗಲು ಸಲೀಸಾದ ದಾರಿಯೊಂದಿದೆ. ಅವಳಿಗೆ ಮಾನಸಿಕ ಕಾಯಿಲೆ ಇದೆಯೆಂದು ವೈದ್ಯರು ಈ ಮೊದಲೇ ಗುರುತಿಸಿದ್ದಾರೆ. ಆ ಹೊತ್ತಿನಲ್ಲಿ ಬುದ್ಧಿ ಸ್ವಾಧೀನದಲ್ಲಿರಲಿಲ್ಲ ಎಂದು ವಾದಿಸಿದರೆ ಸಾಕು. ಸ್ವತಃ ವಕೀಲೆಯಾದ ಅವಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಆದರೆ ನ್ಯಾಯಾಧೀಶರು ಕೇಳಿದಾಗ ಅವಳ ಬಾಯಿಂದ ಬರುವ ಮಾತು ‘ನಾನು ಹೊಣೆ’. ಹಾಗೆ ಹೇಳಲು ಕಾನೂನಿನಲ್ಲಿ ಅವಕಾಶವಿಲ್ಲ ಎಂಬ ಉತ್ತರ ಬರುತ್ತದೆ. ಹಾಗಾದರೆ ತಪ್ಪಿತಸ್ಥೆ ಎಂದೇ ಬರೆದುಕೊಳ್ಳಿ ಎನ್ನುತ್ತಾಳೆ.

2018ರಲ್ಲಿ ಪ್ರಸಾರವಾದ ಈ ದೃಶ್ಯ ‘ಕ್ರೇಜಿ ಎಕ್ಸ್-ಗರ್ಲ್‌ಫ್ರೆಂಡ್’ ಎಂಬ ಅಮೆರಿಕದ ಸರಣಿಯ ಮೂರನೆಯ ಸೀಸನ್ನಿನ ಕೊನೆಯಲ್ಲಿದೆ. ಕನ್ನಡದಲ್ಲಿ ಕುಳಿತು ಇದನ್ನು ನೋಡಿದರೆ ಒಂದು ಸಣ್ಣ ಲಾಭವಿದೆ. ನಮ್ಮಲ್ಲಿ ‘ಹೊಣೆ’ ಎಂದರೆ ಜಾಮೀನು ಕೂಡ ಹೌದು. ಸಾಲಕ್ಕೆ ಹೊಣೆ ನಿಲ್ಲುವವನು ಸಾಲ ಮಾಡಿದವನೇ ಆಗಿರಬೇಕೆಂದಿಲ್ಲ. ತೀರಿಸುವ ಭಾರ ಹೊತ್ತವನು, ಅಷ್ಟೆ. ತಪ್ಪು ಎಂಬ ಮಾತು ನಡೆದುಹೋದದ್ದರ ಕಡೆ ಕೈ ತೋರಿಸುತ್ತದೆ, ಹೊಣೆ ಎಂಬುದು ಇನ್ನು ಮುಂದೆ ಕೊಡಬೇಕಾದದ್ದರ ಕಡೆಗೆ. ಅಮೆರಿಕದ ಆ ನ್ಯಾಯಾಲಯದಲ್ಲಿ ರೆಬೆಕಾ ಹುಡುಕುತ್ತಿದ್ದದ್ದು ಈ ಎರಡನೆಯ ಅರ್ಥವನ್ನು. ಕಾಯಿಲೆಯನ್ನು ನಾನು ಬರಮಾಡಿಕೊಂಡದ್ದಲ್ಲ, ಆದರೆ ಅದರಿಂದಾದ ಸಾಲ ನನ್ನದು. ಇಷ್ಟು ಮಾತನ್ನು ಹೇಳಿಸಲು ಸರಣಿಗೆ ಮೂರು ಸೀಸನ್ ಬೇಕಾದವು. ಅದನ್ನು ಬದುಕಿ ತೋರಿಸಲು ಇನ್ನೊಂದು.

ಕಥೆಯ ಆರಂಭ ತೀರಾ ಹಗುರಾದದ್ದು. ನ್ಯೂಯಾರ್ಕಿನಲ್ಲಿ ಕೈತುಂಬ ಸಂಬಳ ತರುವ ವಕೀಲೆ ರೆಬೆಕಾ, ಹದಿಹರೆಯದಲ್ಲಿ ಬೇಸಿಗೆ ಶಿಬಿರವೊಂದರಲ್ಲಿ ಪ್ರೀತಿಸಿದ್ದ ಜೋಶ್ ಚಾನ್‌ನನ್ನು ರಸ್ತೆಯಲ್ಲಿ ಆಕಸ್ಮಿಕವಾಗಿ ಕಾಣುತ್ತಾಳೆ. ಅವನು ಕ್ಯಾಲಿಫೋರ್ನಿಯಾದ ವೆಸ್ಟ್ ಕೊವಿನಾ ಎಂಬ ತನ್ನೂರಿಗೆ ಹಿಂತಿರುಗುತ್ತಿದ್ದಾನೆ. ಇವಳೂ ಕೆಲಸ ಬಿಟ್ಟು ಅದೇ ಊರಿಗೆ ಮನೆ ಬದಲಾಯಿಸುತ್ತಾಳೆ, ಅವನಿಗಾಗಿ ಬಂದದ್ದಲ್ಲ ಎಂದು ಕಂಡಕಂಡವರಿಗೆಲ್ಲ ಹೇಳುತ್ತಾಳೆ. ರೇಚಲ್ ಬ್ಲೂಮ್ ಮತ್ತು ಆಲೀನ್ ಬ್ರಾಶ್ ಮೆಕೆನಾ ಸೃಷ್ಟಿಸಿದ ಈ ಸರಣಿಯಲ್ಲಿ ರೆಬೆಕಾಳ ಪಾತ್ರ ಬ್ಲೂಮ್ ಅವರದೇ. ಮೊದಲು ಇದನ್ನು ಮಾಡಿದ್ದು ಶೋಟೈಮ್ ವಾಹಿನಿಗಾಗಿ. ಅಲ್ಲಿ ಬೇಡವೆಂದದ್ದು ದಿ ಸಿಡಬ್ಲ್ಯು ವಾಹಿನಿಗೆ ಬಂತು. 2015ರ ಅಕ್ಟೋಬರಿನಿಂದ 2019ರ ಏಪ್ರಿಲ್‌ವರೆಗೆ 62 ಕಂತುಗಳು ಪ್ರಸಾರವಾದವು. ನೋಡುಗರು ಎಂದೂ ಹೆಚ್ಚಿರಲಿಲ್ಲ, ವಾಹಿನಿ ಮಾತ್ರ ಕೈಬಿಡಲಿಲ್ಲ. ಬ್ಲೂಮ್, ಆಡಂ ಶ್ಲೆಸಿಂಜರ್ ಮತ್ತು ಜ್ಯಾಕ್ ಡಾಲ್ಜನ್ ಸೇರಿ ಇದಕ್ಕೆ 150ಕ್ಕೂ ಹೆಚ್ಚು ಹೊಸ ಹಾಡುಗಳನ್ನು ಕಟ್ಟಿದರು. ಶ್ಲೆಸಿಂಜರ್ 2020ರ ಏಪ್ರಿಲ್ 1ರಂದು ಕೋವಿಡ್‌ನಿಂದ ತೀರಿಕೊಂಡರು.

ಹೆಸರು ಕೇಳಿದಾಗ ನಾನೂ ಮೂಗು ಮುರಿದಿದ್ದೆ. ಬಿಟ್ಟುಹೋದ ಹುಡುಗಿ ಹುಚ್ಚಿ ಎಂಬ ಹಳಸಲು ತಮಾಷೆಗೆ ಸಂಗೀತ ಬೇರೆ ಬೇಕೇ ಎನ್ನಿಸಿತ್ತು. ಆದರೆ ಆ ತಮಾಷೆಯನ್ನು ಒಳಗಿನಿಂದ ಬಿಚ್ಚಿ ನೋಡುವುದೇ ಸರಣಿಯ ಕೆಲಸ ಎಂದು ತಿಳಿಯಲು ಶೀರ್ಷಿಕೆ ಗೀತೆಗಳಷ್ಟೇ ಸಾಕು. ಪ್ರತಿ ಸೀಸನ್ನಿಗೂ ಒಂದೊಂದು ಹೊಸ ಗೀತೆ ಇದೆ. ಮೊದಲನೆಯದರಲ್ಲಿ ಸುತ್ತಲಿನ ಕಾರ್ಟೂನ್ ಗೊಂಬೆಗಳು ಅವಳನ್ನು ಹುಚ್ಚಿ ಎಂದು ಹಾಡಿದರೆ ಅವಳು ನಡುವೆ ಬಾಯಿ ಹಾಕಿ, ಅದು ಹೆಣ್ಣನ್ನು ಹೀಗಳೆಯುವ ಮಾತು, ವಿಷಯ ಅಷ್ಟು ಸರಳವಿಲ್ಲ ಎಂದು ತಕರಾರು ತೆಗೆಯುತ್ತಾಳೆ. ಅವಳ ಮಾತು ಸರಿ. ಆದರೆ ಸರಿಯಾದ ಆ ಮಾತನ್ನೇ ಮುಂದೆ ಹಿಡಿದು ಅವಳು ತನ್ನ ನಡತೆಯನ್ನು ಮುಚ್ಚಿಕೊಳ್ಳುತ್ತಿದ್ದಾಳೆ. ಈ ಎರಡನ್ನೂ ಒಟ್ಟಿಗೆ ಹೇಳುವ ಜಾಣತನ ಮೊದಲ ಅರ್ಧ ನಿಮಿಷದಲ್ಲೇ ಕಾಣುತ್ತದೆ.

ಎರಡನೆಯ ಸೀಸನ್ನಿನ ಗೀತೆ ಇನ್ನೂ ಕಿಲಾಡಿ. 1930ರ ದಶಕದ ಹಾಲಿವುಡ್ ನೃತ್ಯಗಳ ಧಾಟಿಯಲ್ಲಿ, ಸಾಲಾಗಿ ನಿಂತ ನರ್ತಕಿಯರ ನಡುವೆ ರೆಬೆಕಾ ಕಣ್ಣು ಪಿಳುಕಿಸುತ್ತ ಹಾಡುತ್ತಾಳೆ: ನಾನು ಪ್ರೀತಿಗೆ ಬಿದ್ದ ಹುಡುಗಿ, ನಾನು ಮಾಡಿದ್ದಕ್ಕೆಲ್ಲ ನನ್ನನ್ನು ಹೊಣೆ ಮಾಡುವಂತಿಲ್ಲ. ಪ್ರೀತಿ ಹುಚ್ಚು ಹಿಡಿಸುತ್ತದೆ ಎಂದು ಎಲ್ಲರೂ ಹೇಳುತ್ತಾರಲ್ಲ, ಹಾಗಾದರೆ ನನ್ನನ್ನು ಹುಚ್ಚಿ ಎಂದರೆ ಪ್ರೇಮಿ ಎಂದಂತೆಯೇ ಆಯಿತು! ಮೂರನೆಯದರಲ್ಲಿ ಅವಳು ನಾಲ್ಕು ವೇಷಗಳಲ್ಲಿ ಬಂದು, ಜನಪ್ರಿಯ ಹಾಡುಗಳಲ್ಲಿ ‘ಕ್ರೇಜಿ’ ಎಂಬ ಪದ ಒಂದು ಕಡೆ ಹೊಗಳಿಕೆ, ಇನ್ನೊಂದು ಕಡೆ ಬೈಗುಳ ಆಗುವುದನ್ನು ಗೋಜಲಾಗಿಸಿ ಹಾಡುತ್ತಾಳೆ.

ಕನ್ನಡದ ‘ಹುಚ್ಚು’ ಕೂಡ ಇದೇ ಜಾತಿಯದು. ಸಿನಿಮಾ ಹುಚ್ಚು, ಓದಿನ ಹುಚ್ಚು, ಹುಚ್ಚು ಪ್ರೀತಿ, ಹುಚ್ಚು ಧೈರ್ಯ ಎಂದು ಅಕ್ಕರೆಯಿಂದಲೇ ಆಡುತ್ತೇವೆ. ‘ಹೋಗೋ ಹುಚ್ಚಪ್ಪಾ’ ಎಂದು ಮಗುವನ್ನು ಮುದ್ದಿಸುತ್ತೇವೆ. ಎಣ್ಣೆಕಾಳೊಂದಕ್ಕೆ ಹುಚ್ಚೆಳ್ಳು ಎಂದು ಹೆಸರಿಟ್ಟು ಅದರ ಚಟ್ನಿಪುಡಿಯನ್ನು ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತೇವೆ. ಅದೇ ಪದ ಬೆಂಗಳೂರಿನ ನಿಮ್ಹಾನ್ಸ್‌ನ ಗೇಟಿನ ಬಳಿ ಪರಿಚಿತರ ಕಣ್ಣಿಗೆ ಬಿದ್ದ ಮನುಷ್ಯನ ಮೇಲೆ ಬಿದ್ದಾಗ ಮದುವೆ ಮುರಿಯುತ್ತದೆ. ನಮ್ಮ ತೆರೆಯ ಮೇಲೂ ನಾಯಕ ನಾಯಕಿಯ ಬೆನ್ನು ಹತ್ತಿದರೆ ಅದು ಪ್ರೇಮದ ಹುಚ್ಚು. ಹೆಣ್ಣು ಬೆನ್ನು ಹತ್ತಿದರೆ ಮಾತ್ರ ಬರೀ ಹುಚ್ಚು.

ಇನ್ನು ಹಾಡುಗಳ ವಿಷಯ, ಏಕೆಂದರೆ ಸರಣಿಯ ವಾದವೆಲ್ಲ ಅಡಗಿರುವುದು ಅಲ್ಲಿ. ಸಂಗೀತ ನಾಟಕಗಳಲ್ಲಿ ಪಾತ್ರಗಳು ಹಾಡಿದರೆ ಅದು ಮನದಾಳದ ಸತ್ಯ ಎಂದು ನಾವು ನಂಬುತ್ತೇವೆ. ಕಂಪನಿ ನಾಟಕದಿಂದ ಸಿನಿಮಾದವರೆಗೆ ನಮಗೂ ಅದೇ ರೂಢಿ. ಇಲ್ಲಿ ಹಾಡುಗಳು ಬಹುಪಾಲು ರೆಬೆಕಾಳ ತಲೆಯೊಳಗೆ ನಡೆಯುತ್ತವೆ, ಬೇರೆಯವರಿಗೆ ಕೇಳಿಸುವುದಿಲ್ಲ. ಅವಳಿಗೆ ನಿಜವನ್ನು ನೋಡಲಾಗದ ಕ್ಷಣದಲ್ಲೇ ಹಾಡು ಶುರುವಾಗುತ್ತದೆ. ಮೊದಲ ಸೀಸನ್ನಿನಲ್ಲಿ ಅವಳು ಖಿನ್ನತೆಯಿಂದ ಹಾಸಿಗೆ ಬಿಟ್ಟು ಏಳಲಾರದಾದಾಗ ತೆರೆ ಕಪ್ಪುಬಿಳುಪಾಗುತ್ತದೆ. ಹಳೆಯ ಫ್ರೆಂಚ್ ಸಿನಿಮಾದ ಸುಂದರಿಯಂತೆ ಸಿಗರೇಟು ಹಿಡಿದು, ತನ್ನ ದುಃಖ ಎಷ್ಟು ಮೋಹಕ ಎಂದು ಹಾಡುತ್ತಾಳೆ. ಅದೇ ಹಾಡಿನ ನಡುವೆ, ಸ್ನಾನ ಕಾಣದ ಮೈ, ಗಬ್ಬು ಹಾಸಿಗೆ ಇಣುಕಿ ಹೋಗುತ್ತವೆ. ನಗು ಬರುವುದು ಕಾಯಿಲೆಯ ಬಗ್ಗೆ ಅಲ್ಲ. ಕಾಯಿಲೆಗೆ ನಾವು ಉಡಿಸುವ ರೇಷ್ಮೆ ಸೀರೆಯ ಬಗ್ಗೆ.

ಅದೇ ಸೀಸನ್ನಿನ 11ನೆಯ ಕಂತನ್ನು ತುಸು ಹತ್ತಿರದಿಂದ ನೋಡಬೇಕು. ಗೆಳತಿ ಪೌಲಾಳಿಗೆ ಕಳಿಸಬೇಕಿದ್ದ ಸಂದೇಶ ಕೈತಪ್ಪಿ ಜೋಶ್‌ಗೆ ಹೋಗುತ್ತದೆ. ಅದನ್ನು ಅಳಿಸಲು ರೆಬೆಕಾ ಅವನ ಮನೆಗೆ ನುಗ್ಗುತ್ತಾಳೆ, ಸಿಕ್ಕಿಬೀಳುತ್ತಾಳೆ, ತನ್ನ ಮನೆಗೆ ಕಳ್ಳರು ಬಂದಿದ್ದರು ಎಂದು ಸುಳ್ಳು ಹೇಳುತ್ತಾಳೆ, ಆ ಸುಳ್ಳನ್ನು ನಿಜ ಮಾಡಲು ತನ್ನ ಮನೆಯ ಕಿಟಕಿಯ ಗಾಜನ್ನು ತಾನೇ ಒಡೆಯುತ್ತಾಳೆ. ಎಲ್ಲ ಬಯಲಾದ ಮೇಲೆ ಅವಳ ತಲೆಯೊಳಗೆ ದೊಡ್ಡ ಸಭಾಂಗಣ ಬೆಳಗುತ್ತದೆ. ಮಿರುಗುವ ಗೌನು ತೊಟ್ಟು, ಹೆಸರಾಂತ ಗಾಯಕಿಯ ಠೀವಿಯಲ್ಲಿ, ತನ್ನನ್ನು ತಾನೇ ಅಸಹ್ಯವಾಗಿ ಬೈದುಕೊಳ್ಳುವ ಹಾಡು ಹಾಡುತ್ತಾಳೆ. ಸಾಹಿತ್ಯ ನಿಮಗೂ ಬಾಯಿಪಾಠವಲ್ಲವೇ ಎಂಬಂತೆ ಜನರನ್ನೂ ಹಾಡಲು ಕರೆಯುತ್ತಾಳೆ. ಅವರು ಭಕ್ತಿಯಿಂದ ದನಿಗೂಡಿಸುತ್ತಾರೆ.

ಸ್ವನಿಂದನೆ ಪಶ್ಚಾತ್ತಾಪದಂತೆ ಕಾಣುತ್ತದೆ. ಹಾಗೆ ಕಂಡು ಮೋಸ ಮಾಡುತ್ತದೆ. ಆ ಇಡೀ ಹಾಡಿನಲ್ಲಿ ಜೋಶ್‌ಗೆ ಆದ ಗಾಬರಿಯ ಬಗ್ಗೆ ಸೊಲ್ಲಿಲ್ಲ. ಬೆಳಕೆಲ್ಲ ರೆಬೆಕಾಳ ಮೇಲೆ. ನಮ್ಮ ಮನೆಗಳಲ್ಲೂ ಇದರ ಸಣ್ಣ ಆವೃತ್ತಿ ಇದೆ. ಒಂದು ತಪ್ಪನ್ನು ಮೆಲ್ಲಗೆ ಎತ್ತಿ ಆಡಿದೊಡನೆ ‘ಹೌದಪ್ಪಾ, ನಾನೇ ಕೆಟ್ಟವಳು, ನಾನು ಹುಟ್ಟಲೇಬಾರದಿತ್ತು, ಸಾಕಾ?’ ಎಂಬ ಉತ್ತರ ಬಂದರೆ ಮಾತು ಅಲ್ಲಿಗೇ ನಿಂತುಬಿಡುತ್ತದೆ. ಈಗ ಸಮಾಧಾನ ಮಾಡುವ ಸರದಿ ನೋವು ತಿಂದವರದು. ತನ್ನನ್ನು ತಾನು ಹೊಡೆದುಕೊಳ್ಳುವವನ ಕೈ ಖಾಲಿ ಇರುವುದಿಲ್ಲ, ಒಡೆದ ಗಾಜನ್ನು ಹೆಕ್ಕಲು ಅವನಿಂದಾಗದು.

ಎರಡನೆಯ ಸೀಸನ್ನಿನ ಕೊನೆಗೆ ಹಾಸ್ಯದ ಕೆಳಗಿನ ನೆಲ ಕುಸಿಯುತ್ತದೆ. ಓದುವ ಕಾಲದಲ್ಲಿ ತನ್ನ ಪ್ರಾಧ್ಯಾಪಕನೊಂದಿಗೆ ಸಂಬಂಧ ಮುರಿದುಬಿದ್ದಾಗ ರೆಬೆಕಾ ಅವನ ಮನೆಗೆ ಬೆಂಕಿಯಿಟ್ಟಿದ್ದಳು, ಆಸ್ಪತ್ರೆ ಸೇರಿದ್ದಳು ಎಂಬುದು ಹೊರಬರುತ್ತದೆ. ಇತ್ತ ರೆಬೆಕಾಳೊಂದಿಗಿನ ಮದುವೆಯ ದಿನವೇ ಜೋಶ್ ಕೈಕೊಟ್ಟು ಪಾದ್ರಿಯಾಗಲು ಹೊರಡುತ್ತಾನೆ. ಮೂರನೆಯ ಸೀಸನ್ ಸೇಡಿನಿಂದ ಶುರುವಾಗಿ, 2017ರ ನವೆಂಬರಿನಲ್ಲಿ ಪ್ರಸಾರವಾದ ಐದನೆಯ ಕಂತಿನಲ್ಲಿ ವಿಮಾನದೊಳಗೆ ಅವಳ ಆತ್ಮಹತ್ಯೆಯ ಯತ್ನಕ್ಕೆ ಬಂದು ಮುಟ್ಟುತ್ತದೆ. ಆ ದೃಶ್ಯಕ್ಕೆ ಹಾಡಿಲ್ಲ. ಎಲ್ಲಕ್ಕೂ ಹಾಡು ಹೊಸೆಯುತ್ತಿದ್ದ ತಲೆ ಮೌನವಾದಾಗಲೇ ನೋಡುಗನಿಗೆ ಅಪಾಯದ ಅಳತೆ ತಿಳಿಯುವುದು. ಕೊನೆಯ ಗಳಿಗೆಯಲ್ಲಿ ತಲೆಯ ಮೇಲಿನ ಕರೆಗುಂಡಿಯ ಮೇಲೆ ‘ಸಹಾಯ’ ಎಂದಿದ್ದದ್ದು ಅವಳ ಕಣ್ಣಿಗೆ ‘ಭರವಸೆ’ ಎಂದಾಗುತ್ತದೆ. ಅವಳು ಅದನ್ನು ಒತ್ತುತ್ತಾಳೆ. ಹೊಣೆಯ ಮೊದಲ ಮೆಟ್ಟಿಲು ಅದೇ ಎಂದು ನನ್ನ ಎಣಿಕೆ. ಕ್ಷಮೆ, ಪರಿಹಾರ ಎಲ್ಲ ಆಮೇಲಿನವು, ಮೊದಲು ಬೆರಳು ಗುಂಡಿಯವರೆಗೆ ಹೋಗಬೇಕು. ನಮ್ಮಲ್ಲಿ ಅಂಥ ಗುಂಡಿಯ ಹೆಸರು ಟೆಲಿ ಮಾನಸ್, ಸಂಖ್ಯೆ 14416. 2022ರಲ್ಲಿ ಶುರುವಾದ ಈ ಉಚಿತ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಮುಂದಿನ ಕಂತಿನಲ್ಲಿ ಆಸ್ಪತ್ರೆಯ ಮನೋವೈದ್ಯರು ಹೊಸ ರೋಗನಿರ್ಣಯ ಹೇಳುವುದಾಗಿ ತಿಳಿಸುತ್ತಾರೆ. ರೆಬೆಕಾಳಿಗೆ ಹಬ್ಬ! ಖಿನ್ನತೆ, ಆತಂಕ ಎಂದೆಲ್ಲ ಕೇಳಿ ಸಾಕಾಗಿದೆ. ಈ ಸಲ ತನಗೆ ಹೇಳಿ ಹೊಲಿಸಿದಂಥ ಹೆಸರು ಸಿಗುತ್ತದೆ, ತನ್ನಂಥವರ ಗುಂಪು ಸಿಗುತ್ತದೆ ಎಂದು ಬ್ರಾಡ್‌ವೇ ಸಂಗೀತ ನಾಟಕದ ನಾಯಕಿಯ ಹಾಗೆ ಕೈ ಚಾಚಿ ಹಾಡುತ್ತಾಳೆ. ಬಂದ ಹೆಸರು ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್, ಚಿಕ್ಕದಾಗಿ ಬಿಪಿಡಿ.

ಈ ಹೆಸರೇ ಒಂದು ಹಳೆಯ ಗೊಂದಲದ ಕುರುಹು. 1938ರಲ್ಲಿ ಅಡಾಲ್ಫ್ ಸ್ಟರ್ನ್ ಎಂಬ ಮನೋವಿಶ್ಲೇಷಕ, ನ್ಯೂರೋಸಿಸ್ ಎಂಬ ಹಗುರ ಮನೋವ್ಯಾಧಿ ಮತ್ತು ಸೈಕೋಸಿಸ್ ಎಂಬ ತೀವ್ರ ಚಿತ್ತವಿಕಾರ, ಅಂದಿನ ಈ ಎರಡು ಪಂಗಡಗಳ ಗಡಿಯಲ್ಲಿರುವ ರೋಗಿಗಳಿಗೆ ಆ ಪದವನ್ನು ಬಳಸಿದ. ಗಡಿಯ ಕಲ್ಪನೆ ಹೋಯಿತು, ಹೆಸರು ಉಳಿಯಿತು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಇದನ್ನು ಅಧಿಕೃತ ಕಾಯಿಲೆಯಾಗಿ ಸೇರಿಸಿತು. ಇಂದು ಅದರಲ್ಲಿರುವ ಲಕ್ಷಣಗಳು ಒಂಬತ್ತು, ಐದಾದರೂ ಇದ್ದರೆ ಬಿಪಿಡಿ. ಬಿಟ್ಟುಹೋಗುತ್ತಾರೆಂಬ ಭಯ, ಇಂದು ದೇವರೆಂದವನನ್ನು ನಾಳೆ ದೆವ್ವವೆನ್ನುವ ಸಂಬಂಧಗಳು, ತಾನು ಯಾರೆಂಬುದೇ ನಿಲ್ಲದಿರುವುದು, ದುಡುಕು, ತನ್ನನ್ನು ಗಾಯಗೊಳಿಸಿಕೊಳ್ಳುವುದು, ಗಂಟೆಗೊಮ್ಮೆ ಬದಲಾಗುವ ಮನಸ್ಥಿತಿ, ತುಂಬದ ಖಾಲಿತನ, ಹಿಡಿತ ತಪ್ಪಿದ ಸಿಟ್ಟು, ಒತ್ತಡದಲ್ಲಿ ಬಂದುಹೋಗುವ ಸಂಶಯ ಅಥವಾ ತನ್ನಿಂದ ತಾನೇ ಕಳಚಿಕೊಂಡ ಭಾವ. ರೆಬೆಕಾ ಫೋನಿನಲ್ಲಿ ಇದನ್ನೆಲ್ಲ ಹುಡುಕಿ ಹೆದರುತ್ತಾಳೆ, ಇದು ನಾನಲ್ಲ ಎನ್ನುತ್ತಾಳೆ. ಅವಳ ಥೆರಪಿಸ್ಟ್ ಡಾ. ಅಕೋಪಿಯನ್ ಲಕ್ಷಣಗಳನ್ನು ಒಂದೊಂದಾಗಿ ಓದುತ್ತಾರೆ. ಒಂದೊಂದಕ್ಕೂ ನಾವು ನಗುತ್ತ ನೋಡಿದ ಹಿಂದಿನ ಒಂದೊಂದು ಕಂತು ನೆನಪಾಗುತ್ತದೆ. ಎರಡು ಸೀಸನ್ ನಾವು ನಕ್ಕಿದ್ದೆಲ್ಲ ರೋಗಲಕ್ಷಣಗಳಿಗೆ ಎಂದು ಗೊತ್ತಾಗುವ ಆ ಗಳಿಗೆ ಅಷ್ಟೇನೂ ಹಿತವಲ್ಲ, ಮತ್ತು ಸರಣಿ ಬೇಕೆಂದೇ ನಮ್ಮನ್ನು ಅಲ್ಲಿಗೆ ತಂದು ನಿಲ್ಲಿಸಿದೆ.

ಇಲ್ಲಿಂದ ಮುಂದೆ ಸುಲಭದ ಬಲೆಯೊಂದು ಕಾದಿತ್ತು. ರೋಗದ ಹೆಸರು ಸಿಕ್ಕಿತು, ಹಿಂದಿನದೆಲ್ಲ ಮಾಫಿ, ಎಲ್ಲರೂ ತಬ್ಬಿಕೊಂಡು ಅತ್ತರೆ ಕಥೆ ಮುಗಿಯಿತು. ಸರಣಿ ಹಾಗೆ ಮಾಡದೆ ರೆಬೆಕಾಳನ್ನು ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿಗೆ ಕಳಿಸಿತು. ಅಂದರೆ ಗುಂಪಿನಲ್ಲಿ ಕುಳಿತು, ಅಭ್ಯಾಸ ಪುಸ್ತಕದ ಖಾಲಿ ಜಾಗ ತುಂಬುವ ಬೇಸರದ ಕೆಲಸ. 1980ರ ದಶಕದಲ್ಲಿ ಮಾರ್ಷಾ ಲಿನೆಹಾನ್ ರೂಪಿಸಿದ ಚಿಕಿತ್ಸೆ ಇದು. ಹದಿಹರೆಯದಲ್ಲಿ ತಾವೂ ಇಂಥದೇ ಯಾತನೆಯಿಂದ ಆಸ್ಪತ್ರೆಯಲ್ಲಿದ್ದದ್ದನ್ನು ಅವರು 2011ರಲ್ಲಿ ಬಹಿರಂಗವಾಗಿ ಹೇಳಿಕೊಂಡರು. ಎದುರುಬದುರಾದ ಎರಡು ಮಾತುಗಳನ್ನು ಒಟ್ಟಿಗೆ ಹಿಡಿಯುವುದು ಈ ಚಿಕಿತ್ಸೆಯ ಮೂಲ. ನೀನು ಇರುವ ಹಾಗೆ ಒಪ್ಪಿಗೆ, ಆದರೆ ನೀನು ಬದಲಾಗಬೇಕು. ನಿನ್ನ ತೊಂದರೆಗಳನ್ನೆಲ್ಲ ನೀನೇ ತಂದುಕೊಂಡಿರಲಾರೆ, ಆದರೂ ಪರಿಹರಿಸಬೇಕಾದವಳು ನೀನೇ. ಮಳೆಗೆ ಸೂರು ಹಾರಿದ್ದು ಮನೆಯವರ ತಪ್ಪಲ್ಲ, ಹೆಂಚು ಹೊದಿಸುವವರು ಮಾತ್ರ ಅವರೇ.

ನ್ಯಾಯಾಲಯದ ದೃಶ್ಯಕ್ಕೆ ಮೊದಲು ಬರುವ ಹಾಡು ಈ ಎರಡನೆಯ ಅರ್ಧವನ್ನು ಕತ್ತರಿಸಿ ಎಸೆಯುತ್ತದೆ. ಅವಳನ್ನು ಪ್ರೀತಿಸುವ ವಕೀಲ ನಥಾನಿಯಲ್ ಮಧುರವಾದ ರಾಗದಲ್ಲಿ, ಯಾವುದೂ ಯಾರ ತಪ್ಪೂ ಅಲ್ಲ, ಎಲ್ಲಕ್ಕೂ ಬಾಲ್ಯದ ನೋವೇ ಕಾರಣ ಎಂದು ಹಾಡುತ್ತಾನೆ. ಕೇಳುತ್ತ ಹೋದಂತೆ ಲೋಕದ ಘೋರ ಪಾತಕಿಗಳಿಗೂ ಅದೇ ರಿಯಾಯಿತಿ ಸಿಕ್ಕಿಬಿಡುತ್ತದೆ. ಥೆರಪಿಯ ಭಾಷೆ ಕಲಿತವರು ಮಾತ್ರ ಬರೆಯಬಲ್ಲ ವ್ಯಂಗ್ಯ ಇದು. ಆತಂಕ, ಖಿನ್ನತೆ, ಒಸಿಡಿ ಎಂಬ ಗೀಳು ಕಾಯಿಲೆ, ಇವುಗಳ ತಮ್ಮ ಅನುಭವವನ್ನು ಬ್ಲೂಮ್ ಮುಚ್ಚಿಟ್ಟವರಲ್ಲ. ನೆಪ ಹೇಗೆ ಹುಟ್ಟುತ್ತದೆಂದು ಒಳಗಿನವರಿಗೇ ಗೊತ್ತು.

ಕಾನೂನಿನ ಕಡೆಯಿಂದಲೂ ರೆಬೆಕಾ ಹೇಳಿದ್ದು ನಿಖರವಾಗಿದೆ. 1843ರಲ್ಲಿ ಇಂಗ್ಲೆಂಡಿನ ಮೆಕ್‌ನಾಟನ್ ಪ್ರಕರಣದಿಂದ ಬಂದ ನಿಯಮ ಕೇಳುವುದು ಕಾಯಿಲೆ ಇದೆಯೇ ಎಂದಲ್ಲ. ಮಾಡುತ್ತಿರುವುದು ಏನು, ಅದು ತಪ್ಪೇ ಎಂದು ಆ ಹೊತ್ತಿನಲ್ಲಿ ತಿಳಿಯುವ ಶಕ್ತಿ ಇತ್ತೇ ಎಂದು. ಕ್ಯಾಲಿಫೋರ್ನಿಯಾದ ಕಾನೂನಿನ ಬೇರು ಅಲ್ಲಿದೆ. ನಮ್ಮ ಹಳೆಯ ದಂಡಸಂಹಿತೆಯ 84ನೆಯ ಸೆಕ್ಷನ್, ಈಗಿನ ಭಾರತೀಯ ನ್ಯಾಯ ಸಂಹಿತೆಯ 22ನೆಯ ಸೆಕ್ಷನ್ ಕೂಡ ಅದೇ ಬೇರಿನವು. ಬಿಪಿಡಿ ಇದ್ದೂ ರೆಬೆಕಾಳಿಗೆ ತಿಳಿವಳಿಕೆ ಇತ್ತು. ತಾನು ಇಷ್ಟು ದಿನ ಮಾಡಿದ್ದೆಲ್ಲ ಹುಚ್ಚಿನಿಂದ ಎಂದು ಆಣೆ ಮಾಡಿ ಹೇಳಿದರೆ, ಎರಡನೆಯ ಸೀಸನ್ನಿನ ಆ ಶೀರ್ಷಿಕೆ ಗೀತೆಯನ್ನೇ ನ್ಯಾಯಾಲಯದಲ್ಲಿ ಹಾಡಿದಂತೆ.

ನಾಲ್ಕನೆಯ ಸೀಸನ್ ಶುರುವಾದಾಗ ಅವಳು ಜೈಲಿನಲ್ಲಿದ್ದಾಳೆ, ಹೊರಗೆ ಬರಲು ಒಪ್ಪುತ್ತಿಲ್ಲ. ಶಿಕ್ಷೆ ಬೇಕೇ ಬೇಕು ಎಂಬ ಹಠ. ನೋಡಿದವರಿಗೆ ಇದು ತ್ಯಾಗ. ಆದರೆ ಸಹಕೈದಿಗಳನ್ನು ಕೂಡಿಸಿ, ನಾಟಕೀಯವಾದ ಅಪರಾಧ ಕಥೆಗಳನ್ನು ಹಾಡಿಸಲು ಹೋದಾಗ ಅವಳಿಗೆ ಸಿಗುವುದು ಸಪ್ಪೆಯಾದ, ಬಡತನದ ಕಥೆಗಳು. ಇರಬೇಕೆಂದು ಅಲ್ಲಿ ಇರುವವಳು ಅವಳೊಬ್ಬಳೇ. ಆ ಮಿರುಗುವ ಗೌನಿನ ಹಾಡೇ ಜೈಲಿನ ಬಟ್ಟೆಯಲ್ಲಿ ಮರಳಿ ಬಂದಿದೆ ಎಂದು ನನಗನ್ನಿಸಿದ್ದು ಆಗ. ಆಮೇಲಿನ ಪ್ರಾಯಶ್ಚಿತ್ತ ಎಷ್ಟು ಸಣ್ಣ ಪ್ರಮಾಣದ್ದೆಂದರೆ ಕಥೆಗೆ ಒದಗುವಂಥದ್ದೇ ಅಲ್ಲ. ಒಪ್ಪದ ವಕೀಲಿಕೆ ಬಿಡುತ್ತಾಳೆ, ಪ್ರೆಟ್ಜೆಲ್ ಎಂಬ ತಿನಿಸಿನ ಅಂಗಡಿ ಹಾಕುತ್ತಾಳೆ, ಮತ್ತೆ ಕುಸಿದಾಗ ಮಾತ್ರೆಯ ಮಾತು ಬರುತ್ತದೆ. ಅಲ್ಲಿ ಡಾ. ಅಕೋಪಿಯನ್ ಟ್ಯಾಪ್ ನೃತ್ಯದ ಹೆಜ್ಜೆ ಹಾಕುತ್ತ, ಖಿನ್ನತೆಯ ಮಾತ್ರೆ ಅಂಥ ದೊಡ್ಡ ಸಂಗತಿಯೇನಲ್ಲ, ಎಷ್ಟೋ ಜನ ನುಂಗುತ್ತಾರೆ ಎಂದು ಹಾಡುತ್ತಾರೆ. ಈ ಹಾಡಿಗೆ 2019ರಲ್ಲಿ ಅಮೆರಿಕದ ಟಿ.ವಿ. ಲೋಕದ ಎಮ್ಮಿ ಪ್ರಶಸ್ತಿ ಬಂತು. ಮಾನಸಿಕ ಔಷಧವನ್ನು ಬಿ.ಪಿ. ಮಾತ್ರೆಯ ಸಾಲಿಗೆ ತಂದು ನಿಲ್ಲಿಸಿದ ಮೂರು ನಿಮಿಷ ಅದು.

ರೆಬೆಕಾಳಿಗಷ್ಟೇ ಈ ತಕ್ಕಡಿ ಎಂದರೆ ತಪ್ಪಾದೀತು. ಕಚೇರಿಯ ಸಹೋದ್ಯೋಗಿ ಪೌಲಾ ಮೊದಲ ಸೀಸನ್ನಿನುದ್ದಕ್ಕೂ ಅವಳ ಕಿತಾಪತಿಗಳಿಗೆಲ್ಲ ಕೈಜೋಡಿಸಿದವಳು. ಯಾವ ರೋಗನಿರ್ಣಯವೂ ಇಲ್ಲದ ಪೌಲಾ, ಬೇಸತ್ತ ತನ್ನ ಸಂಸಾರದಿಂದ ತಪ್ಪಿಸಿಕೊಳ್ಳಲು ಗೆಳತಿಯ ಕಾಯಿಲೆಯನ್ನು ಪ್ರೇಮಕಥೆಯೆಂದು ಓದುತ್ತಿದ್ದಳು. ಜೋಶ್‌ನ ಗೆಳೆಯ, ರೆಬೆಕಾಳನ್ನು ಪ್ರೀತಿಸಿದ ಗ್ರೆಗ್ ತನ್ನ ಕುಡಿತವನ್ನು ಕಾಯಿಲೆಯೆಂದು ಒಪ್ಪಿಕೊಂಡ ಬಳಿಕವೇ ಊರು ಬಿಟ್ಟು ಓದಲು ಹೋಗುತ್ತಾನೆ.

ಒಂದು ಕೊರತೆ ಹೇಳದಿದ್ದರೆ ಮನಸ್ಸು ಒಪ್ಪದು. ಪ್ರಾಧ್ಯಾಪಕನ ಮನೆ ಸುಟ್ಟದ್ದೂ, ಮನುಷ್ಯನನ್ನು ತಳ್ಳಿದ್ದೂ ಕಾನೂನಿನ ದೃಷ್ಟಿಯಲ್ಲಿ ಅಗ್ಗವಾಗಿ ತೀರಿಹೋದವು. ಹಣ, ಓದು, ಬಿಳಿಯ ಬಣ್ಣ ಇರುವವಳಿಗೆ ‘ನಾನು ಹೊಣೆ’ ಎನ್ನುವ ಧೈರ್ಯ ಬಂದೀತು. ಜೈಲಿನಲ್ಲಿ ಅವಳ ಪಕ್ಕ ಕುಳಿತವರಿಗೆ ಅದೇ ಮಾತು ವರ್ಷಗಳನ್ನೇ ನುಂಗಬಹುದು. ಸರಣಿ ಇದನ್ನು ಕಂಡಿದೆ, ಒಂದು ಹಾಡಿನಲ್ಲಿ ತೋರಿಸಿದೆ, ಮತ್ತು ಬೇಗ ಮುಂದೆ ಸಾಗಿದೆ.

ಕೊನೆಯ ಕಂತಿನಲ್ಲಿ ಜೋಶ್, ಗ್ರೆಗ್, ನಥಾನಿಯಲ್ ಮೂವರೂ ಅವಳ ತೀರ್ಮಾನಕ್ಕೆ ಕಾಯುತ್ತಾರೆ. ಮಾತಿನ ನಡುವೆ ಎಲ್ಲೋ ಕಳೆದುಹೋದ ರೆಬೆಕಾಳನ್ನು ಪೌಲಾ ಕೇಳುತ್ತಾಳೆ, ಹೀಗೆ ದಿಟ್ಟಿಸುತ್ತ ನಿಂತಾಗ ನೀನು ಎಲ್ಲಿಗೆ ಹೋಗುತ್ತೀಯ ಎಂದು. ತನ್ನ ತಲೆಯೊಳಗೆ ಹಾಡುಗಳು ನಡೆಯುತ್ತವೆ ಎಂಬ ಗುಟ್ಟನ್ನು ರೆಬೆಕಾ ಮೊದಲ ಬಾರಿ ಇನ್ನೊಬ್ಬರಿಗೆ ಹೇಳುತ್ತಾಳೆ. ಒಂದು ವರ್ಷ ಕಳೆದಿದೆ. ಅವಳು ಮೂವರಲ್ಲಿ ಯಾರನ್ನೂ ಆರಿಸಿಲ್ಲ, ಸಂಗೀತ ಕಲಿಯುತ್ತಿದ್ದಾಳೆ. ನಿಜವಾದ ಒಂದು ಸಣ್ಣ ವೇದಿಕೆ, ನಿಜವಾದ ಪಿಯಾನೋ, ಕೆಳಗೆ ಅವಳಿಂದ ನೋವು ತಿಂದವರೆಲ್ಲ ಕುಳಿತಿದ್ದಾರೆ. ಮಿರುಗುವ ಗೌನಿಲ್ಲ. ಇದು ನಾನು ಬರೆದ ಹಾಡು ಎಂದು ಅವಳು ಪಿಯಾನೋ ಕಡೆ ತಿರುಗುತ್ತಾಳೆ. ಮೊದಲ ಸ್ವರ ಬರುವ ಮುನ್ನವೇ ತೆರೆ ಕಪ್ಪಾಗುತ್ತದೆ.